ಬಲ ಕಂಕುಳು, ಬಿಗಿ

ಕೋಣ ಮನೆಗೆ ಬಂದ ದಿನ ದರ್ಜಿಯಮ್ಮ ತನ್ನ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಬಲಗಡೆಯ ಮೂರನೇ ಒಂದು ಪಾಲನ್ನು ಸೊಸೆಗೆ ಬಿಟ್ಟುಕೊಟ್ಟಿದ್ದಳು. ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಗೆರೆ ಎಳೆದು, ಆ ಕಡೆಯಿದ್ದ ಬಟ್ಟೆಯ ರಾಶಿಯನ್ನು ಈ ಕಡೆಗೆ ಸರಿಸಿಕೊಂಡಳು, ಅಷ್ಟೆ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಅಂಥ ಭಾರ ತಡೆಯುವ ಮೇಜು ಬೇರೆ ಇರಲಿಲ್ಲ.

ಕೋಣ ಎಂದರೆ ಸೊಸೆಯ ಲ್ಯಾಪ್‌ಟಾಪು. ಆಟಕ್ಕೆಂದೇ ಮಾಡಿದ್ದು. ಕಪ್ಪು ಮೈ, ಹೆಂಚಿನಷ್ಟು ದಪ್ಪ. ಜೊತೆಗೆ ಚಾರ್ಜರ್ ಎಂಬ ಹೆಸರಿನ ಒಂದು ಇಟ್ಟಿಗೆ. ಹೆಸರಿಟ್ಟವನು ಮಗ. ಲ್ಯಾಪು ಅಂದರೆ ತೊಡೆ ತಾನೇ, ಇದನ್ನು ತೊಡೆಯ ಮೇಲಿಟ್ಟುಕೊಂಡವರು ಮತ್ತೆ ಎದ್ದು ನಡೆದಾರೇ ಎಂದು ಅವನು ಮೊದಲ ದಿನವೇ ಕೇಳಿದ್ದ. ಯಾವ ಚೀಲಕ್ಕೂ ಅದು ಹಿಡಿಯುತ್ತಿರಲಿಲ್ಲ. ತಂತಿ ಕಿತ್ತರೆ ಅರ್ಧ ಗಂಟೆಯಲ್ಲಿ ಕಣ್ಣು ಮುಚ್ಚುತ್ತಿತ್ತು. ಆಟ ಶುರುವಾದೊಡನೆ ಎರಡೂ ಪಕ್ಕೆಗಳಿಂದ ಬಿಸಿಗಾಳಿ ಬಿಟ್ಟು ಗುಟುರು ಹಾಕುತ್ತಿತ್ತು. ಅದೂ ಇಸ್ತ್ರಿ ಪೆಟ್ಟಿಗೆಯೂ ಒಟ್ಟಿಗೆ ಕೆಲಸಕ್ಕಿಳಿದರೆ ಮನೆಯ ಫ್ಯೂಸು ಹಾರುತ್ತಿತ್ತು. ಹಾಗಾಗಿ ಅತ್ತೆ ಇಸ್ತ್ರಿ ಮುಗಿಸಿ ತಂತಿ ಕಿತ್ತದ್ದು ಕಂಡರೆ ಸೊಸೆ ಬಂದು ಕೂರುತ್ತಿದ್ದಳು. ಸೊಸೆ ಎದ್ದದ್ದು ಕಂಡರೆ ಅತ್ತೆ ಇಸ್ತ್ರಿಗೆ ಕೈ ಹಾಕುತ್ತಿದ್ದಳು. ಎಂಟು ತಿಂಗಳಿಂದ ಇಬ್ಬರ ನಡುವೆ ಹೆಚ್ಚು ಕಡಿಮೆ ಇದೇ ಮಾತುಕತೆ.

ಜಗಳವೇನೂ ಇರಲಿಲ್ಲ. ಸೊಸೆ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷಿಸಿ, ಈ ಅಕ್ಷರ ಕಾಣುತ್ತಾ, ಆ ಅಕ್ಷರ ಕಾಣುತ್ತಾ ಎಂದು ಕೇಳಿ ಕೇಳಿ ಸುಸ್ತಾಗಿ ಬರುತ್ತಿದ್ದಳು. ದರ್ಜಿಯಮ್ಮನಿಗೋ ಮಾತು ಎಂದರೆ ಹಲ್ಲಿನ ನಡುವೆ ಕಚ್ಚಿಕೊಂಡ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟ ಮೇಲೆ ಮಾಡುವ ಕೆಲಸ. ತೆಗೆದಿಡುವಷ್ಟರಲ್ಲಿ, ಹೇಳಬೇಕೆಂದುಕೊಂಡದ್ದು ಅಷ್ಟೇನೂ ಅಗತ್ಯವಿಲ್ಲ ಎನ್ನಿಸಿಬಿಡುತ್ತಿತ್ತು. ಮೂವತ್ತು ವರ್ಷಗಳಲ್ಲಿ ಹೀಗೆ ಎಷ್ಟು ಮಾತು ಒಳಗೇ ಉಳಿಯಿತೋ ಅವಳಿಗೂ ಗೊತ್ತಿರಲಿಲ್ಲ. ಬೀದಿಯವರು ದರ್ಜಿಯಮ್ಮ ಗಂಭೀರ ಸ್ವಭಾವದವಳು ಎನ್ನುತ್ತಿದ್ದರು. ಕಾಲರನ್ನು ಒದ್ದೆ ಮಾಡಿ ಕೋಣನ ಪಕ್ಕೆಗೆ ಹಿಡಿದರೆ ಮೂರು ನಿಮಿಷದಲ್ಲಿ ಒಣಗುತ್ತದೆ ಎಂದು ಕಂಡುಹಿಡಿದಾಗ ಅವಳಿಗೆ ಆದ ಖುಷಿಯೂ ಒಳಗೇ ಉಳಿದಿತ್ತು.

ಬುಧವಾರ ಮಧ್ಯಾಹ್ನ ಸೊಸೆ ಅಂಗಡಿಯಿಂದ ಬೇಗ ಬಂದಳು. ಬಂದವಳು ಆಟಕ್ಕೆ ಕೂರದೆ, ಮುಚ್ಚಿದ ಕೋಣನ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಳು. ಏನು ಎಂದು ದರ್ಜಿಯಮ್ಮ ಹುಬ್ಬೇರಿಸಿದ ಮೇಲೆ ವಿಷಯ ಹೊರಬಿತ್ತು.

ಅವಳು ಆಡುತ್ತಿದ್ದದ್ದು ಕಾಡುದಾರಿಯಲ್ಲಿ ಕಾರು ಓಡಿಸುವ ಪಂದ್ಯ. ಅದಕ್ಕೆಂದು ಕೋಣನಿಗೆ ಜೋಡಿಸಿದ ಒಂದು ಪುಟ್ಟ ಸ್ಟೀರಿಂಗ್ ಚಕ್ರ, ಗೇರು, ಕಾಲಡಿಗೆ ಪೆಡಲು. ಓಡಿಸುವವರ ಪಕ್ಕದಲ್ಲಿ ಇನ್ನೊಬ್ಬರು ಕುಳಿತು, ಮುಂದಿನ ತಿರುವು ಕಣ್ಣಿಗೆ ಕಾಣುವ ಮೊದಲೇ ಎಡವೋ ಬಲವೋ, ಎಷ್ಟು ಬಿಗಿಯೋ ಕೂಗಿ ಹೇಳಬೇಕು. ಹಾಗೆ ಹೇಳುವವರು ಜೀವಂತ ಮನುಷ್ಯರೇ ಆಗಿರಬೇಕೆಂಬುದು ನಿಯಮ. ಭಾನುವಾರ ಹನ್ನೊಂದಕ್ಕೆ ವರ್ಷದ ದೊಡ್ಡ ಓಟ. ನಲವತ್ತು ಜೋಡಿಗಳು, ಮೊದಲ ಹತ್ತು ಜೋಡಿಗಳು ಅದೇ ಜೋಡಿಯಾಗಿಯೇ ಲೀಗಿಗೆ, ಮುಂದಿನ ಸುತ್ತುಗಳಿಗೆ, ಹೋಗುತ್ತವೆ. ಸೊಸೆ ಹೋದ ವರ್ಷ ಹದಿಮೂರನೆಯವಳು, ಅದರ ಹಿಂದಿನ ವರ್ಷ ಹದಿನೇಳನೆಯವಳು. ಆಗ ಅವಳ ಬಳಿ ಇದ್ದ ಹಳೆಯ ಯಂತ್ರ, ದಾರಿಯಲ್ಲಿ ಮಂಜು ಕವಿದರೆ ಸಾಕು, ತಡವರಿಸಿ ನಿಂತುಬಿಡುತ್ತಿತ್ತು. ಕೋಣನನ್ನು ತಂದದ್ದೇ ಅದಕ್ಕೆ. ಈಗ ಎಲ್ಲ ಕೂಡಿಬಂತು ಎನ್ನುವಾಗ, ತಿರುವು ಹೇಳುತ್ತಿದ್ದ ಗೆಳತಿಯ ಗಂಟಲು ಕೈಕೊಟ್ಟಿತ್ತು. ಹತ್ತು ದಿನ ಪಿಟ್ಟೆನ್ನಬಾರದು ಎಂದಿದ್ದರಂತೆ ವೈದ್ಯರು.

ಸಂಜೆ ಬಸ್ಸಿನ ಪಾಳಿ ಮುಗಿಸಿ ಬಂದ ಮಗ, ಇಷ್ಟೇ ತಾನೇ, ನಾನಿದ್ದೀನಿ ಎಂದು ತೋಳೇರಿಸಿದ. ಹನ್ನೊಂದು ವರ್ಷದಿಂದ ಊರ ಬಸ್ಸು ಓಡಿಸುತ್ತಿದ್ದವನು. ಮನೆಯಲ್ಲಿ ನಿಜವಾದ ಚಾಲಕ ತಾನೊಬ್ಬನೇ ಎಂಬ ಹೆಮ್ಮೆ ಬೇರೆ. ಹಳೆಯ ಒಂದು ದಾರಿಯ ತಿರುವುಗಳ ಪಟ್ಟಿ ಹಿಡಿದು ಹೆಂಡತಿಯ ಪಕ್ಕ ಕುಳಿತ. ಮೊದಲ ತಿರುವನ್ನು ಸರಿಯಾಗಿಯೇ ಹೇಳಿದ. ಎರಡನೆಯದಕ್ಕೆ ಕಾರು ನೂರಿಪ್ಪತ್ತರ ವೇಗದಲ್ಲಿ ನುಗ್ಗಿತು. ಅವನ ಬಲಗಾಲು ತಾನಾಗಿ ನೆಲವನ್ನು ಒತ್ತತೊಡಗಿತು. ಮೂರನೆಯ ತಿರುವಿಗೆ ಪಟ್ಟಿ ಕೈಜಾರಿತು. ಅಲ್ಲಿಂದಾಚೆ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಮೆಲ್ಲಗೆ, ಮೆಲ್ಲಗೆ."

"ಎಡಾನೋ ಬಲಾನೋ ಹೇಳಿ," ಎಂದಳು ಸೊಸೆ.

"ಮೊದಲು ನಿಲ್ಸು, ಆಮೇಲೆ ಹೇಳ್ತೀನಿ."

ಕಾರು ಮರಕ್ಕೆ ಹೋಗಿ ಅಪ್ಪಿಕೊಂಡಿತು. ಮಗ ಎದ್ದು ನೀರು ಕುಡಿದ. ಭಾನುವಾರ ತನಗೆ ಬೆಳಗಿನ ಪಾಳಿ ಇದೆ ಎಂಬುದು ಅವನಿಗೆ ಆಗ ನೆನಪಾಯಿತು.

ದರ್ಜಿಯಮ್ಮ ಒಂದು ಕೋಟಿನ ಅಂಚಿಗೆ ಸೂಜಿ ಚುಚ್ಚುತ್ತ ಇದನ್ನೆಲ್ಲ ನೋಡುತ್ತಿದ್ದಳು. ಹೆಚ್ಚಾಗಿ ನೋಡುತ್ತಿದ್ದದ್ದು ದಾರಿಯನ್ನು. ಎಂಟು ತಿಂಗಳಿಂದ ಓರೆಗಣ್ಣಿನಲ್ಲಿ ನೋಡಿಕೊಂಡೇ ಬಂದಿದ್ದಳು, ಯಾರಿಗೂ ಹೇಳಿರಲಿಲ್ಲ. ಆ ಬಾಗುಗಳಲ್ಲಿ ಏನೋ ಪರಿಚಯ ಇತ್ತು.  ಬಾಯಿಂದ ಸೂಜಿ ತೆಗೆದಳು; ಒಂದು, ಎರಡು, ಮೂರು, ನಾಲ್ಕು. ಈ ಸಲ ಮಾತು ಒಳಗೆ ಉಳಿಯಲಿಲ್ಲ.

"ಆ ಪಟ್ಟೀಲಿ ಇರೋದನ್ನ ಓದಿದ್ರೆ ಸಾಕೇನಮ್ಮ?"

ಸೊಸೆ ತಿರುಗಿ ನೋಡಿದಳು. ಅತ್ತೆಯ ಬಾಯಲ್ಲಿ ಸೂಜಿ ಇಲ್ಲದ್ದನ್ನು ಅವಳು ಊಟದ ಹೊತ್ತು ಬಿಟ್ಟರೆ ನೋಡಿದ್ದೇ ಕಡಿಮೆ.

ಪಟ್ಟಿ ದರ್ಜಿಯಮ್ಮನಿಗೆ ಹೊಂದಲಿಲ್ಲ. ಅದರಲ್ಲಿ ತಿರುವುಗಳಿಗೆ ಒಂದರಿಂದ ಆರರವರೆಗೆ ಅಂಕಿ. ಮೂರು ಎಂದರೆ ಎಷ್ಟು ಬಾಗು ಎಂದು ಅವಳು ನೆನಪಿಸಿಕೊಳ್ಳುವಷ್ಟರಲ್ಲಿ ತಿರುವು ಕಳೆದು ಕಾರು ಹಳ್ಳ ಸೇರುತ್ತಿತ್ತು. ಗುರುವಾರ ಪೂರ್ತಿ ಹೀಗೇ ಹೋಯಿತು. ಶುಕ್ರವಾರ ಬೆಳಿಗ್ಗೆ ಅವಳು ಪಟ್ಟಿಯನ್ನು ಪಕ್ಕಕ್ಕಿಟ್ಟು, ಬಟ್ಟೆಯ ಅಳತೆ ಬರೆಯುವ ಕಂದು ಹಾಳೆಯನ್ನು ಮೇಜಿನ ಮೇಲೆ ಉರುಳಿಸಿ, ದಾರಿಯನ್ನು ಮೊದಲಿಂದ ಕೊನೆಯವರೆಗೆ ಸೀಮೆಸುಣ್ಣದಲ್ಲಿ ಬರೆದಳು. ಬರೆದು ಒಮ್ಮೆ ಹಿಂದೆ ಸರಿದು ನಿಂತಳು. ಅಲ್ಲಿದ್ದದ್ದೆಲ್ಲ ಅವಳು ಮೂವತ್ತು ವರ್ಷ ಕತ್ತರಿಸಿದ್ದೇ. ಪೂರ್ತಿ ಹಿಂದಕ್ಕೆ ಹೊರಳುವ ತಿರುವು ತೋಳು ಕೂಡಿಸುವ ಜಾಗ, ಕಂಕುಳು. ದುಂಡಗೆ ಬಳಸುವುದು ಕತ್ತು. ಸ್ವಲ್ಪ ಒಳಗೆ ಹೋಗಿ ಸ್ವಲ್ಪ ಹೊರಗೆ ಬರುವುದು ಸೊಂಟ. ಉಬ್ಬುತಗ್ಗುಗಳು ನೆರಿಗೆ. ಒಂದು ಕಾರು ಮಾತ್ರ ತೂರುವ ಕಿರುಸೇತುವೆ, ಗುಂಡಿ ತೂರುವ ಕಾಜ. ಇನ್ನು ಬಿಗಿ, ಸಡಿಲ ಎರಡೂ ಎಲ್ಲ ಕಡೆಯೂ ಬಿಗಿ, ಸಡಿಲವೇ.

ಅಂದು ಸಂಜೆ ಮೊದಲ ಸಲ ಕಾರು ಎಲ್ಲೂ ಗುದ್ದದೆ ಕೊನೆ ಮುಟ್ಟಿತು.

"ಎಡ ಸೊಂಟ, ಸಡಿಲ. ನೆರಿಗೆ, ನೆರಿಗೆ. ಬಲ ಕಂಕುಳು, ಬಿಗಿ. ಕಾಜ." ದರ್ಜಿಯಮ್ಮನ ದನಿ ಕತ್ತರಿ ಬಟ್ಟೆಯ ಮೇಲೆ ಓಡುವ ಲಯದಲ್ಲೇ ಬರುತ್ತಿತ್ತು, ಏರಿಳಿತವಿಲ್ಲದೆ. ಸೊಸೆಗೆ ಮೊದಲೆರಡು ಸಲ ಕಂಕುಳು ಅಂದಾಗೆಲ್ಲ ನಗು ತಡೆಯಲಾಗಲಿಲ್ಲ. ಮೂರನೆಯ ಸಲ ನಗುವುದು ಮರೆತುಹೋಯಿತು. ಶನಿವಾರದ ಹೊತ್ತಿಗೆ ಅವಳು ಆ ಪದ ಕಿವಿಗೆ ಬಿದ್ದೊಡನೆ ಎರಡು ಕೈಯಲ್ಲೂ ಚಕ್ರ ತಿರುಗಿಸುತ್ತಿದ್ದಳು. ಗೆಳತಿಯ ಜೊತೆ ಮಾಡಿದ್ದ ವೇಗವನ್ನು ದಾಟಿ ಮೂರು ಸೆಕೆಂಡು ಮುಂದೆ ಹೋಗಿದ್ದರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗ, ಇವರಿಬ್ಬರು ಕಾರು ಓಡಿಸುತ್ತಿದ್ದಾರೋ ಯಾರಿಗೋ ಅಂಗಿ ಹೊಲಿಯುತ್ತಿದ್ದಾರೋ ಎಂದ. ಇಬ್ಬರೂ ಅವನತ್ತ ತಿರುಗಲಿಲ್ಲ.

ಭಾನುವಾರದ ದಾರಿ ಯಾವುದೆಂದು ಮೊದಲೇ ಹೇಳುವುದಿಲ್ಲ. ಹತ್ತು ಗಂಟೆಗೆ ತೆರೆಯುತ್ತಾರೆ, ಒಂದೇ ಒಂದು ಸಲ ನಿಧಾನವಾಗಿ ಓಡಿಸಿ ನೋಡಿಕೊಳ್ಳಬಹುದು, ಆಮೇಲೆ ಪಂದ್ಯ. ದರ್ಜಿಯಮ್ಮ ಎಂಟಕ್ಕೇ ಮೇಜು ತೆರವು ಮಾಡಿದಳು. ಇಸ್ತ್ರಿ ಪೆಟ್ಟಿಗೆಯ ತಂತಿ ಕಿತ್ತು, ಪೆಟ್ಟಿಗೆಯನ್ನು ಮಂಚದಡಿಗೆ ತಳ್ಳಿದಳು. ಕೋಣನ ಕಾಲಡಿಗೆ ನಾಲ್ಕು ದಾರದ ಉಂಡೆಗಳನ್ನಿಟ್ಟು, ತಳಕ್ಕೆ ಗಾಳಿಯಾಡುವಂತೆ ಎತ್ತರಿಸಿದಳು. ಬೇಕಿತ್ತೋ ಬೇಡವೋ, ಕೈ ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಐವತ್ತಾರು ವರ್ಷದ ಹೆಂಗಸಿಗೆ ಹೀಗೆ ಪರೀಕ್ಷೆಗೆ ಹೊರಟ ಹುಡುಗಿಯಂತೆ ಆಡುವುದು ಮರ್ಯಾದೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರಕ್ಕೆ ಕಾಯಲಿಲ್ಲ.

ಹತ್ತಕ್ಕೆ ದಾರಿ ತೆರೆಯಿತು. ಗುಡ್ಡ, ಕಾಡು, ಎಲ್ಲೆಲ್ಲೂ ಮಂಜು. ಸೊಸೆ ನಿಧಾನ ಓಡಿಸುತ್ತ ಹೋದಳು. ದರ್ಜಿಯಮ್ಮ ಪರದೆಯ ಮೇಲಿನ ಕಣ್ಣು ತೆಗೆಯದೆ ಹಾಳೆಯ ಮೇಲೆ ಸೀಮೆಸುಣ್ಣ ಆಡಿಸುತ್ತ ಹೋದಳು. ದಾರಿ ಅವರು ಅಂದುಕೊಂಡದ್ದಕ್ಕಿಂತ ಉದ್ದವಿತ್ತು. ಅರ್ಧ ದಾರಿಗೆ ಹಾಳೆ ಮುಗಿಯಿತು. ಸುರುಳಿಯಲ್ಲಿ ಉಳಿದಿದ್ದದ್ದೇ ಅಷ್ಟು. ಅವಳು ತಡಮಾಡದೆ ಹಾಳೆಯನ್ನು ಮಗುಚಿಹಾಕಿ, ಬೆನ್ನಿಗೆ ಬರೆಯತೊಡಗಿದಳು.

ಅವರದು ಮೂವತ್ತೊಂದನೆಯ ಸರದಿ. ಪರದೆಯ ಮೂಲೆಯಲ್ಲಿ ಮೂರು, ಎರಡು, ಒಂದು ಎಂದು ಬಂತು, ಹೋಯಿತು. ಕೋಣ ಒಮ್ಮೆಗೇ ಗುಟುರು ಹಾಕಿತು. ಬಿಸಿಗಾಳಿಗೆ ಹಾಳೆ ಪಟಪಟ ಬಡಿದುಕೊಂಡಿತು; ದರ್ಜಿಯಮ್ಮ ಒಂದು ತುದಿಗೆ ದೊಡ್ಡ ಕತ್ತರಿ, ಇನ್ನೊಂದು ತುದಿಗೆ ಮೊಣಕೈ ಇಟ್ಟಳು.

"ನೇರ. ಎಡ ಕತ್ತು, ಸಡಿಲ. ನೆರಿಗೆ. ಬಲ ಸೊಂಟ. ಎಡ ಕಂಕುಳು, ಬಿಗಿ, ತುಂಬಾ ಬಿಗಿ. ನೇರ, ಉದ್ದ."

ಮಂಜಿನಲ್ಲಿ ಮುಂದೆ ಏನೂ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು; ಸೊಸೆ ಕಣ್ಣನ್ನು ಬಿಟ್ಟು ಕಿವಿಯಲ್ಲಿ ಓಡಿಸುತ್ತಿದ್ದಳು. ಅತ್ತೆಯ ಮಾತು ಮುಗಿಯುವುದಕ್ಕೂ ಚಕ್ರ ತಿರುಗುವುದಕ್ಕೂ ನಡುವೆ ಎಳೆ ತೂರುವಷ್ಟೂ ಸಂದಿ ಇರಲಿಲ್ಲ. ಅರ್ಧ ದಾರಿಯ ಕಂಬ ದಾಟಿದಾಗ ಮೂಲೆಯಲ್ಲಿ ಅಂಕಿ ಮಿಂಚಿತು: ಐದನೆಯ ಸ್ಥಾನ. ದರ್ಜಿಯಮ್ಮ ಕತ್ತರಿ ಎತ್ತಿದಳು. ಹಾಳೆ ಮಗುಚಿದಳು.

"ನೇರ. ಎಡ ಕತ್ತು, ಸಡಿಲ."

ಸೊಸೆ ಎಡಕ್ಕೆ ತಿರುಗಿಸಿದಳು. ದಾರಿ ಬಲಕ್ಕೆ ಹೋಯಿತು. ಕಾರು ಬೇಲಿ ಮುರಿದು, ಪೊದೆಗಳ ಮೇಲೆ ಹಾರಿ, ಒಂದು ಸುತ್ತು ಗಿರಕಿ ಹೊಡೆದು ನಿಂತಿತು.

"ಅತ್ತೆ?" ಎಂದಳು ಸೊಸೆ. ಬೈಗುಳವಲ್ಲ, ಪ್ರಶ್ನೆಯೂ ಅಲ್ಲ. ಕೈ ಆಗಲೇ ಕಾರನ್ನು ಹಿಂದಕ್ಕೆ ಎಳೆಯುತ್ತಿತ್ತು.

ದರ್ಜಿಯಮ್ಮ ಹಾಳೆಯನ್ನೇ ನೋಡಿದಳು. ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಬಟ್ಟೆಗೆ ಗುರುತು ಹಾಕುವುದು ಒಳಮೈಗೆ; ಒಳಮೈ ಮೇಲೆ ಬಂದಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಮೂವತ್ತು ವರ್ಷ ಹಾಗೆ ಬರೆದ ಕೈ, ಹಾಳೆ ಮಗುಚಿದೊಡನೆ ಅದನ್ನೂ ಬಟ್ಟೆ ಎಂದುಕೊಂಡಿತ್ತು. ಈ ಬೆನ್ನಿನ ಮೇಲಿದ್ದ ಪ್ರತಿ ತಿರುವೂ ಕನ್ನಡಿಯೊಳಗಿನದು.

 ಸುಮ್ಮನಿದ್ದುಬಿಡುವುದು ಅವಳಿಗೆ ಎಷ್ಟು ಸುಲಭವಾಗಿತ್ತೆಂದರೆ, ಅಲ್ಲೇ ಒಂದು ಬಾಗಿಲು ತೆರೆದು ಕರೆದಂತಿತ್ತು. ತಾನು ಸುಮ್ಮನಾದರೆ ಸೊಸೆ ಮಂಜಿನಲ್ಲಿ ತಡಕಾಡಿಕೊಂಡು ಹೇಗೋ ಕೊನೆ ಮುಟ್ಟುತ್ತಾಳೆ, ಮೂವತ್ತನೆಯವಳಾಗುತ್ತಾಳೆ, ಏನೂ ಅನ್ನುವುದಿಲ್ಲ. ಇಬ್ಬರೂ ಏನೂ ಅನ್ನುವುದಿಲ್ಲ. ಇನ್ನು ಎಷ್ಟು ತಿಂಗಳು ಹಾಗೆ?

"ನನ್ನ ತಪ್ಪು," ಎಂದಳು. "ಎಡಬಲ ಅದಲುಬದಲು ಬರೆದಿದ್ದೀನಿ, ಇಲ್ಲಿಂದ ಪೂರ್ತಿ. ಈಗ ತಿರುಗಿಸಿಕೊಂಡು ಹೇಳ್ತೀನಿ. ನೀನು ನಾನು ಹೇಳಿದ ಕಡೆಗೇ ತಿರುಗಿಸು."

"ಹ್ಞೂಂ," ಎಂದಳು ಸೊಸೆ, ಮತ್ತು ಗೇರು ಬದಲಿಸಿದಳು.

ಮುಂದಿನದು ಕಂಕುಳು. ಆಚೆ ಕಡೆ ಪ್ರಪಾತ. ಹಾಳೆಯ ಮೇಲೆ ಅದು ಎಡಕ್ಕಿತ್ತು. ಪೂರ್ತಿ ಅದಲುಬದಲೇ, ಇಲ್ಲ ಒಂದೆರಡು ಸರಿಯಾಗಿಯೂ ಬಿದ್ದಿವೆಯೇ? ಹಾಗೆ ಯೋಚಿಸಲು ಅವಳ ಬಳಿ ಎರಡು ಉಸಿರಿನಷ್ಟು ಹೊತ್ತಿತ್ತು. ತನ್ನ ಕೈ ಇಷ್ಟು ವರ್ಷಗಳಲ್ಲಿ ಒಂದು ಅಂಗಿಯನ್ನೂ ಅರ್ಧ ಒಳಮೈಗೆ, ಅರ್ಧ ಹೊರಮೈಗೆ ಬರೆದದ್ದಿಲ್ಲ. ತಪ್ಪಿದರೆ ಪೂರ್ತಿ ತಪ್ಪುವ ಕೈ ಅದು.

"ಬಲ ಕಂಕುಳು, ಬಿಗಿ."

ಸೊಸೆ ಮಂಜಿನೊಳಕ್ಕೆ, ಏನೂ ಕಾಣದ ಬಿಳುಪಿನೊಳಕ್ಕೆ, ಬಲಕ್ಕೆ ತಿರುಗಿಸಿದಳು. ಚಕ್ರಗಳು ಕಲ್ಲಿನ ಮೇಲೆ ಕಿರ್ರೆಂದವು. ಎಡಗಡೆಯ ಕಿಟಕಿಯ ಪಕ್ಕದಲ್ಲೇ ಪ್ರಪಾತ ಸರಿದುಹೋಯಿತು. ಕಾಲಡಿಗೆ ದಾರಿ ಇತ್ತು.

ಆಮೇಲೆ ದರ್ಜಿಯಮ್ಮ ತಡೆಯಲಿಲ್ಲ. ಕಣ್ಣು ಎಡವನ್ನು ಓದುತ್ತಿತ್ತು, ಬಾಯಿ ಬಲ ಎನ್ನುತ್ತಿತ್ತು, ನಡುವೆ ಯಾರೂ ತಿರುಗಿಸುತ್ತಿದ್ದಂತೆಯೂ ಇರಲಿಲ್ಲ. "ಎಡ ಸೊಂಟ. ಎಡ ಕತ್ತು, ಬಿಗಿಯಾಗ್ತಾ ಹೋಗುತ್ತೆ. ನೆರಿಗೆ, ನೆರಿಗೆ, ನೆರಿಗೆ. ಬಲ ಕತ್ತು, ಸಡಿಲ, ಬಿಡು, ಬಿಡು." ಬಿಡು ಎಂಬುದು ಅವರ ಪದಗಳಲ್ಲಿ ಇರಲಿಲ್ಲ. ಆದರೂ ಸೊಸೆ ಅರ್ಥಮಾಡಿಕೊಂಡು ಕಾಲನ್ನು ಪೂರ್ತಿ ಒತ್ತಿದಳು. ಕೋಣನ ಪಕ್ಕೆಗಳು ಸುಡುತ್ತಿದ್ದವು. ಇಬ್ಬರ ಹಣೆಯಲ್ಲೂ ಬೆವರು. "ಕಾಜ. ನಡುವಲ್ಲೇ ಇರು. ನೇರ. ಮುಗೀತು."

ಗೆರೆ ದಾಟಿದ ಮೇಲೆ ಅಂಕಿ ಬಂತು: ಎಂಟನೆಯ ಸ್ಥಾನ. ಒಂಬತ್ತು ಜೋಡಿಗಳ ಓಟ ಇನ್ನೂ ಬಾಕಿಯಿತ್ತು.

ಕಾಯುವುದು ಓಡಿಸುವುದಕ್ಕಿಂತ ಕಷ್ಟವೆಂದು ಇಬ್ಬರಿಗೂ ಆಗ ಗೊತ್ತಾಯಿತು. ಒಬ್ಬೊಬ್ಬರ ಓಟವೂ ಪರದೆಯ ಮೇಲೆ ಕಾಣುತ್ತಿತ್ತು. ಮೂವತ್ನಾಲ್ಕನೆಯವರು ಮುಂದೆ ಹೋದರು, ಇವರು ಒಂಬತ್ತಕ್ಕಿಳಿದರು. ಮೂವತ್ತೇಳನೆಯವರು ಮುಂದೆ ಹೋದರು, ಹತ್ತಕ್ಕಿಳಿದರು. ಇನ್ನೊಬ್ಬರು ಮುಂದೆ ಹೋದರೆ ಮುಗಿಯಿತು. ಮೂವತ್ತೆಂಟು, ಮೂವತ್ತೊಂಬತ್ತು ಹಿಂದುಳಿದರು. ನಲವತ್ತನೆಯ ಕಾರು ಹೊರಟಿತು. ಅರ್ಧ ದಾರಿಯ ಕಂಬದಲ್ಲಿ ಅದು ಇವರಿಗಿಂತ ಒಂದೂವರೆ ಸೆಕೆಂಡು ಹಿಂದಿತ್ತು. ಆದರೆ ಇವರಂತೆ ಬೇಲಿ ಮುರಿಯದೆ ಆ ಕತ್ತನ್ನು ಸಲೀಸಾಗಿ ಬಳಸಿ ಮುಂದೆ ಬಂತು. ಸೊಸೆ ಉಗುರು ಕಚ್ಚತೊಡಗಿದಳು.

"ಬಲ ಕಂಕುಳು, ಬಿಗಿ," ಎಂದಿತು ಪಕ್ಕದಿಂದ ಒಂದು ಮೆಲುದನಿ. "ಎಡ ಸೊಂಟ."

"ಅತ್ತೆ, ಅವರಿಗ್ಯಾಕೆ ಹೇಳ್ಕೊಡ್ತೀರಿ?"

"ಅವರಿಗೆಲ್ಲಿ ಕೇಳ್ಸುತ್ತೆ, ಸುಮ್ನಿರು," ಎಂದ ದರ್ಜಿಯಮ್ಮನಿಗೆ ನಿಲ್ಲಿಸಲು ಆಗಲಿಲ್ಲ. "ನೆರಿಗೆ, ನೆರಿಗೆ. ಬಲ ಕತ್ತು, ಸಡಿಲ. ಅಯ್ಯೋ, ಜಾಸ್ತಿ ಬಿಟ್ರು."

ಜಾಸ್ತಿ ಬಿಟ್ಟಿದ್ದರು. ನಲವತ್ತನೆಯ ಕಾರು ಕತ್ತಿನಿಂದ ಹೊರಬರುವಾಗ ಬದಿಗೆ ಜಾರಿ, ಕಿರುಸೇತುವೆಯ ಕಂಬಕ್ಕೆ ಹಿಂಬದಿಯನ್ನು ಉಜ್ಜಿಕೊಂಡು, ಓಲಾಡುತ್ತ ಗೆರೆ ದಾಟಿತು. ಅಂಕಿಗಾಗಿ ಇಬ್ಬರೂ ಪರದೆಯ ಮೂಲೆಗೆ ಬಗ್ಗಿದರು. ಹನ್ನೊಂದನೆಯ ಸ್ಥಾನ; ಇವರಿಗಿಂತ ಸೆಕೆಂಡಿನ ಐದನೇ ಒಂದು ಪಾಲು ಹಿಂದೆ.

ಸೊಸೆ ಕುರ್ಚಿಯಿಂದೆದ್ದು ನಿಂತಳು, ಕುಳಿತಳು, ಮತ್ತೆ ಎದ್ದಳು. ಏನು ಮಾಡಬೇಕೆಂದು ತೋಚದೆ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಸೀಮೆಸುಣ್ಣದ ಪುಡಿ ಅವಳ ಕೈಗೂ ಮೆತ್ತಿಕೊಂಡಿತು. ಹತ್ತನೆಯವರು, ನಾವು ಹತ್ತನೆಯವರು ಎಂದು ಅವಳು ಮೂರು ಸಲ ಹೇಳಿದಳು. ನಾವು ಎಂಬ ಮಾತು ಮೂರು ಸಲವೂ ದರ್ಜಿಯಮ್ಮನಿಗೆ ಕೇಳಿಸಿತು. ಆ ಬೇಲಿ ಮುರಿಯದೆ ಇದ್ದಿದ್ದರೆ ಐದನೆಯವರಾಗುತ್ತಿದ್ದೆವು ಎಂದು ಅತ್ತೆ ಲೆಕ್ಕ ಹಾಕಿದಳು, ಮುರಿದದ್ದಕ್ಕೆ ಬೇಸರ ಎಲ್ಲಿದೆ ಎಂದು ಒಳಗೆ ಹುಡುಕಿದಳು, ಸಿಗಲಿಲ್ಲ.

ಪರದೆಯ ಮೇಲೆ ಲೀಗಿನ ದಿನಗಳ ಪಟ್ಟಿ ತೆರೆದುಕೊಂಡಿತ್ತು. ಸಾಲಾಗಿ ಆರು ಭಾನುವಾರ. ಸೊಸೆ ಅದನ್ನು ಗಟ್ಟಿಯಾಗಿ ಓದುತ್ತಿರುವಾಗಲೇ ದರ್ಜಿಯಮ್ಮನ ಫೋನು ಹೊಡೆದುಕೊಂಡಿತು. ಎದುರು ಬೀದಿಯ ಔಷಧದಂಗಡಿಯವಳು. ಹೊಸ ಕೋಟು ಹಾಕಿ ನೋಡಲು ಬರುವ ಭಾನುವಾರ ಹನ್ನೊಂದಕ್ಕೆ ಬರಲೇ ಎಂದು ಕೇಳಿದಳು. ವರ್ಷಗಳಿಂದ ಅವಳು ಬರುತ್ತಿದ್ದದ್ದು ಅದೇ ಹೊತ್ತಿಗೆ.

"ಭಾನುವಾರ ಆಗಲ್ಲಮ್ಮ," ಎಂದಳು ದರ್ಜಿಯಮ್ಮ. "ಇನ್ನು ಆರು ಭಾನುವಾರ ಆಗಲ್ಲ. ಪಂದ್ಯ ಇದೆ."

 ಅತ್ತ ಕಡೆಯಿಂದ, ಪಂದ್ಯ ನೋಡಲು ಹೋಗುತ್ತಿದ್ದೀರಾ ಎಂಬ ಅಳುಕಿನ ಪ್ರಶ್ನೆ.

"ನೋಡೋಕಲ್ಲ," ಎಂದಳು ದರ್ಜಿಯಮ್ಮ, ಮತ್ತು ಅವಳ ದನಿ ಅವಳಿಗೇ ಹೊಸದೆನಿಸುವಷ್ಟು ದೊಡ್ಡದಾಗಿತ್ತು. "ಓಡ್ಸೋಕೆ."